ಮರದ ಆಚೆಯ ಕೈಗಳು

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮರ ಕಡಿಯಬಾರದೆಂದು ಬೋರ್ಡು ಹಾಕಿದ್ದ ತೋಪಿನ ನಡುವೆಯೇ ರಸ್ತೆಯ ಮೇಲ್ಸೇತುವೆ ಕಟ್ಟುತ್ತಾರೆಂದು ಗೊತ್ತಾದಾಗ ನಮ್ಮ ಬೀದಿಯವರು ಪಟ್ಟು ಹಿಡಿದೆವು. ಗರಗಸದವರು ಬಂದರೆ ಮರಕ್ಕಿಬ್ಬರಂತೆ ಆಚೆ ಈಚೆ ನಿಂತು, ಕಾಂಡವನ್ನು ತಬ್ಬಿ, ಪರಸ್ಪರ ಕೈ ಹಿಡಿದುಕೊಳ್ಳಬೇಕೆಂದು ಮಾತಾಗಿತ್ತು. ದೊಡ್ಡ ಮರಕ್ಕೆ ನಾನು ಮತ್ತು ಅತ್ತಿಗೆ.

ಒಂದು ಮಧ್ಯಾಹ್ನ ಗರಗಸದ ಸದ್ದು ಕೇಳಿಸಿತು. ಓಡಿಹೋಗಿ ಮರ ತಬ್ಬಿದೆ. ಆಚೆಯಿಂದ ಎರಡು ಕೈಗಳು ಬಂದು ನನ್ನ ಕೈಗಳನ್ನು ಹಿಡಿದವು. ಸುಡುಬಿಸಿಲಲ್ಲೂ ಅವು ತಣ್ಣಗಿದ್ದವು. ಗರಗಸ ಗುರ್ರೆಂದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು.

“ಹೆದರ್ಬೇಡಿ ಅತ್ತಿಗೆ, ನಾನಿದೀನಿ.”

ಅರೆಗಳಿಗೆ ಬಾಯಿ ಮುಚ್ಚದ ಅತ್ತಿಗೆ ಅಂದು ತುಟಿ ಪಿಟಕ್ಕೆನ್ನಲಿಲ್ಲ.

ಗರಗಸದವರು ವಾಪಸು ಹೋದ ಮೇಲೆ ಹಿಡಿತ ಸಡಿಲವಾಯಿತು. ಅಷ್ಟರಲ್ಲಿ ಅತ್ತಿಗೆ ತೋಪಿನ ಗೇಟಿನ ಕಡೆಯಿಂದ ಏದುಸಿರು ಬಿಡುತ್ತಾ ಬಂದರು.

“ಬೈಕೋಬೇಡ ಕಣೋ, ಬಸ್ಸೇ ಸಿಗ್ಲಿಲ್ಲ. ಒಬ್ನೇ ನಿಂತಿದ್ಯಾ?”

ಮರದ ಆಚೆ ಹೋಗಿ ನೋಡಿದೆ. ಯಾರೂ ಇರಲಿಲ್ಲ. ನಾನು ಹೇಳಿದ್ದನ್ನು ಕೇಳಿ ಅತ್ತಿಗೆ ನಕ್ಕರು. “ಎಲ್ಲಿ, ಹೇಗೆ ಹಿಡ್ಕೊಂಡಿದ್ರು ತೋರ್ಸು,” ಎನ್ನುತ್ತಾ ಆಚೆ ನಿಂತು ಮರ ತಬ್ಬಿದರು. ನಾನು ಈಚೆಯಿಂದ ತಬ್ಬಿದೆ. ಕೆನ್ನೆಯನ್ನು ತೊಗಟೆಗೆ ಒತ್ತಿ ಇಬ್ಬರೂ ಎಷ್ಟು ಚಾಚಿದರೂ ನಮ್ಮ ಬೆರಳುಗಳ ನಡುವೆ ಇನ್ನೂ ಒಂದು ಮೊಳ ಮರ ಉಳಿದಿತ್ತು.