ಎರಡು ಬೇರಿಂಗ್ ಕಮ್ಮಿ

ಅವನು ಮೊದಲ ಸಲ ನನ್ನ ಸ್ಟೋರ್‌ರೂಮಿಗೆ ಬಂದಾಗ ನಾನು ಶೆಲ್ಫಿನ ಹಿಂದೆ ನಿಂತು ನಮ್ಮ ಮ್ಯಾನೇಜರ್ ದನಿ ಅಣಕಿಸುತ್ತಿದ್ದೆ. "ಹ್ಹೂಂ... ನಟ್ಟು ಎಲ್ಲಿ? ಹ್ಹೂಂ... ಬೋಲ್ಟು ಎಲ್ಲಿ?"

"ಸಾರ್, ಹೊಸ ಇಆರ್‌ಪಿ ಸಾಫ್ಟ್‌ವೇರ್ ಕಲಿಸೋಕೆ ಬಂದಿದ್ದೀನಿ," ಅಂದಿತು ಬಾಗಿಲ ಬಳಿಯ ದನಿ.

ಇಣುಕಿದೆ. ಸಾರ್ ಇರಬೇಕಾದ ಕಡೆ ಹೆಣ್ಣೊಬ್ಬಳನ್ನು ಕಂಡು ಅವನ ಕಿವಿ ಕೆಂಪಾಯಿತು, ಮುಖ ಮಾತ್ರ ಇದ್ದಲ್ಲೇ ಇತ್ತು.

ನಮ್ಮದು ಪಂಪು ತಯಾರಿಸುವ ಫ್ಯಾಕ್ಟರಿ. ಸ್ಟೋರ್‌ರೂಮಿಗೊಂದು ಲೆಕ್ಕದ ಪುಸ್ತಕ, ಖರೀದಿಯವರಿಗೊಂದು, ಪಂಪು ಜೋಡಿಸುವವರಿಗೊಂದು. ಮೂರೂ ಒಂದಕ್ಕೊಂದು ಮಾತು ಬಿಟ್ಟು ವರ್ಷಗಳಾಗಿದ್ದವು.

"ಇನ್ನು ಎಲ್ಲರಿಗೂ ಒಂದೇ ಪುಸ್ತಕ," ಅಂದ, ಸ್ಕ್ರೀನ್ ನನ್ನತ್ತ ತಿರುಗಿಸಿ. "ಬೇರಿಂಗ್ ಬಂತಾ, ರಿಸೀಟ್ ಹಾಕಿ. ಒಳಗೆ ಕೊಟ್ರಾ, ಇಶ್ಯೂ ಹಾಕಿ. ಸ್ಟಾಕ್ ತೀರಾ ಇಳೀತಾ, ಖರೀದಿಯವರಿಗೆ ಅದೇ ಹೋಗಿ ಹೇಳುತ್ತೆ."

"ಚಾಡಿ ಹೇಳುತ್ತೆ ಅನ್ನಿ."

"ಒಳ್ಳೇ ಚಾಡಿ."

ಶೆಲ್ಫಿನಲ್ಲಿರುವುದೂ ಸ್ಕ್ರೀನಿನಲ್ಲಿರುವುದೂ ಸತತ ಮೂರು ದಿನ ತಾಳೆಯಾದರೆ ಮ್ಯಾನೇಜರ್ ಸಹಿ ಹಾಕುತ್ತಾರೆ, ಅವನು ಬೇರೆ ಊರಿನ ಫ್ಯಾಕ್ಟರಿಗೆ ಹೊರಡುತ್ತಾನೆ. ಒಪ್ಪಂದ ಹಾಗಿತ್ತು.

ಎರಡು ದಿನ ತಾಳೆಯಾಯಿತು. ಮೂರನೇ ಬೆಳಿಗ್ಗೆ ಒಂದು ಬೇರಿಂಗ್ ಕಮ್ಮಿ. ಅದು ನನ್ನ ಡ್ರಾಯರಿನಲ್ಲಿ, ಕರ್ಚೀಫಿನೊಳಗೆ ಮಲಗಿತ್ತು. ಹನ್ನೊಂದು ವರ್ಷದ ಕೆಲಸದಲ್ಲಿ ನಾನು ಬಚ್ಚಿಟ್ಟ ಮೊದಲ ಸಾಮಾನು.

"ಮತ್ತೆ ಮೊದಲಿಂದ ಎಣಿಸಬೇಕಲ್ಲ," ಅಂದೆ, ಆದಷ್ಟು ಬೇಸರ ತಂದುಕೊಂಡು.

"ಎಣಿಸೋಣ." ಅವನ ಬೇಸರವೂ ಅಷ್ಟಕ್ಕಷ್ಟೇ.

ಬೇರಿಂಗ್ "ಮೂಲೆಯಲ್ಲಿ ಸಿಕ್ಕಿತು". ಮತ್ತೆ ಎಣಿಸಿದೆವು. ಒಂದೇ ಡಬ್ಬಕ್ಕೆ ಇಬ್ಬರ ಕೈಯೂ ಹೋಗುತ್ತಿತ್ತು, ಹಿಂದೆ ಬರುವುದು ದಿನದಿನಕ್ಕೆ ನಿಧಾನವಾಯಿತು.

ಮೂರನೇ ದಿನ ನಾನು ಮತ್ತೆ ಒಂದು ಎತ್ತಿಟ್ಟೆ. ಎಣಿಸಿದರೆ ಎರಡು ಕಮ್ಮಿ.

ಮ್ಯಾನೇಜರ್ ಬಂದರು. "ಹ್ಹೂಂ... ಇದು ಕಳ್ಳತನ. ಇಲ್ಲಿ ಓಡಾಡೋದು ಲೋಡರ್ ಒಬ್ಬನೇ. ಹ್ಹೂಂ... ಕರೀರಿ ಅವನನ್ನ."

ನಾವೆಲ್ಲ ಮಾವ ಅನ್ನುವ ಲೋಡರ್ ಬಂದು ಬಾಗಿಲಲ್ಲೇ ನಿಂತರು. ಹೆಗಲ ಮೇಲಿದ್ದ ಟವೆಲ್ ಕೈಗೆ ತೆಗೆದುಕೊಂಡರು.

ಡ್ರಾಯರ್ ಎಳೆದೆ. ಬೇರಿಂಗ್ ಮೇಜಿನ ಮೇಲಿಟ್ಟೆ. "ಮಾವ ಅಲ್ಲ ಸಾರ್, ನಾನು. ತಾಳೆಯಾದ್ರೆ ಇವರು ಹೊರಟುಬಿಡ್ತಾರೆ, ಅದಕ್ಕೆ."

ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ಅವನು ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ ಎಳೆದ. ಎರಡನೆಯ ಬೇರಿಂಗ್ ಮೊದಲನೆಯದರ ಪಕ್ಕ ಬಂದು ಕೂತಿತು.

"ನನ್ನದೂ ಅದೇ ಕಾರಣ ಸಾರ್."

ಮ್ಯಾನೇಜರ್ ಎರಡೂ ಬೇರಿಂಗನ್ನು ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟರು.

"ತಪ್ಪಾಯ್ತು ಮಾವ," ಅಂದೆವು ಇಬ್ಬರೂ. ಮ್ಯಾನೇಜರ್ ಕೂಡ ಏನೋ ಗೊಣಗಿದರು, ಅದೂ ಅದೇ ಇರಬೇಕು.

"ಇಷ್ಟಕ್ಕೆ ಬೇರಿಂಗ್ ಯಾಕೆ ಬೇಕಿತ್ತು? ಬಾಯಿ ಇರಲಿಲ್ವಾ?" ಅಂದರು ಮಾವ.

ಆಮೇಲಿನ ಮೂರು ದಿನ ಯಾರೂ ಏನೂ ಎತ್ತಿಡಲಿಲ್ಲ. ಸಹಿ ಬಿತ್ತು. ಸಂಜೆ ಅವನು ಗೇಟಿನ ಹತ್ತಿರ ಬ್ಯಾಗ್ ಹೆಗಲಿಗೇರಿಸಿಕೊಂಡು ನಿಂತಿದ್ದ.

"ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

"ಅಪ್ಪನಿಗೆ ಏನಂತ ಹೇಳಲಿ?"

"ನಿಜಾನೇ ಹೇಳಿ."

"ಹನ್ನೊಂದು ಗಂಟೆಗೆ ಬನ್ನಿ," ಅಂದೆ.

ಒಂಬತ್ತಕ್ಕೇ ಬಂದರು. ಅಪ್ಪ ಇನ್ನೂ ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದರು.