ಸೋದರ ಸಂಘದ ಕರಿ ಗೋಲಿ

‘ಇವತ್ತು ಹೇಳಿಕೆಯಲ್ಲಿ ಒಂದು ಸಾಲು ಬೇಕೆಂದೇ ಬಿಟ್ಟೆ’ ಎಂದು ಠಾಣೆಯ ರೈಟರ್ ತನ್ನ ಡೈರಿಯಲ್ಲಿ ಬರೆದಳು. ಬರೆದ ಮೇಲೂ ಸಂಕಟ ಇಳಿಯಲಿಲ್ಲ.

ದೂರು ಬಂದದ್ದು ಸೋಮವಾರ ಬೆಳಗ್ಗೆ 11.40ಕ್ಕೆ. ಗ್ರಂಥಾಲಯವಾಗುತ್ತಿದ್ದ ಸೋದರ ಸಂಘದ ಹಳೆಯ ಸಭಾಭವನದಿಂದ ಮತಪೆಟ್ಟಿಗೆ ಕಳವಾಗಿತ್ತು. ಹೊಸಬ ಸದಸ್ಯತ್ವ ಕೇಳಿ ಬಂದಾಗ ಸದಸ್ಯರು ಗುಟ್ಟಾಗಿ ಅದರೊಳಗೆ ಒಂದೊಂದು ಗೋಲಿ ಹಾಕುತ್ತಿದ್ದರು. ಬಿಳಿ ಗೋಲಿ ಎಂದರೆ ಒಪ್ಪಿಗೆ. ಕರಿ ಗೋಲಿ ಒಂದೇ ಬಿದ್ದರೂ ಪ್ರವೇಶವಿಲ್ಲ. ಸಂಘದ ಕೊನೆಯ ಮತದಾನದ ಗೋಲಿಗಳು ಅರಗಿನ ಮುದ್ರೆಯೊಳಗೆ ಹಾಗೇ ಇದ್ದವು. ಶುಕ್ರವಾರ ಉದ್ಘಾಟನೆಯಲ್ಲಿ ಅದನ್ನು ತೆರೆಯುವುದಿತ್ತು.

ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರ್ ಸ್ಥಳ ಪಂಚನಾಮೆ ನಡೆಸುವಾಗ ಪೇಂಟರನ ಹೇಳಿಕೆ ಬರೆದುಕೊಂಡವಳು ಅವಳೇ.

“ಮುಖ ನೋಡ್ಲಿಲ್ಲ ಮೇಡಂ, ಸೀಲಿಂಗ್ ಬಳೀತಿದ್ದೆ. ಟಕ್ ಅಂತು. ಸ್ವಲ್ಪ ಬಿಟ್ಟು ಟಕ್ ಟಕ್. ತೆರೆದಿದ್ದ ಬಾಗ್ಲಿಗೆ!”

‘ತೆರೆದಿದ್ದ ಬಾಗಿಲು ತಟ್ಟಿದ ಸದ್ದು’ ಎಂದಷ್ಟೇ ಬರೆದಳು. ಅವಳ ಅಜ್ಜ, ಹಳೆಯ ದರ್ಜಿ, ಒಂದು ಕಾಲದ ಸಂಘದ ಸದಸ್ಯ, ಮನೆಯ ಬಾಗಿಲುಗಳನ್ನೆಲ್ಲ ತಟ್ಟುತ್ತಿದ್ದುದು ಹಾಗೆಯೇ. “ಸ್ನಾನಕ್ಕೂ ಸಂಘದ ಅಪ್ಪಣೆ ಬೇಕೇನ್ರೀ?” ಎಂದು ಅಜ್ಜಿ ಛೇಡಿಸುತ್ತಿದ್ದಳು.

ಮಂಗಳವಾರ ಇನ್ಸ್‌ಪೆಕ್ಟರ್ ಹೇಳಿಕೆ ಓದಿದರು.

“ತೆರೆದಿದ್ದ ಬಾಗ್ಲು ಯಾಕಮ್ಮ ತಟ್ಟಿದ?”

ಅವಳು ಚೀಟಿಯಲ್ಲಿ ಬರೆದು ಮುಂದೆ ಸರಿಸಿದಳು: ‘ಒಂದು, ಬಿಟ್ಟು ಎರಡು. ನಮ್ಮಜ್ಜ ಹಾಗೆ ತಟ್ಟುತ್ತಾರೆ.’

“ಇದನ್ನ ಬಾಯಲ್ಲಿ ಹೇಳೋಕೆ ಏನಾಗಿತ್ತು?” ಎಂದರು ಅವರು. “ಇನ್ನು ಈ ಕೇಸು ನೀನು ಮುಟ್ಟಬೇಡ.”

ಜಪ್ತಿ ಪಂಚನಾಮೆಯನ್ನು ಬೇರೊಬ್ಬ ಪೇದೆ ಬರೆದ. ಸಮಯ 4.15. ಅಜ್ಜನ ಹೊಲಿಗೆ ಯಂತ್ರದ ಕೆಳಗೆ ಪೆಟ್ಟಿಗೆ, ಮುದ್ರೆ ಒಡೆದಿದೆ. ಗೋಲಿ ಹನ್ನೆರಡು: ಎಂಟು ಬಿಳಿ, ಒಂದು ಕರಿ. ಉಳಿದ ಮೂರಕ್ಕೆ ಹೊಸದಾಗಿ ಬಳಿದ ಕರಿಬಣ್ಣ, ಇನ್ನೂ ಒಣಗಿಲ್ಲ.

“ಯಾಕೆ ಬಳಿದ್ರಿ?” ಎಂದು ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಅಜ್ಜನನ್ನು ಕೇಳಿದ್ದು ಪಕ್ಕದ ಮೇಜಿನಲ್ಲಿದ್ದ ಅವಳಿಗೂ ಕೇಳಿಸಿತು.

“ಅದು ನನ್ನ ತಮ್ಮನನ್ನ ಸಂಘಕ್ಕೆ ಸೇರಿಸ್ಕೊಳ್ಳೋ ಮತದಾನ. ಮನೇಲಿ ಎಲ್ಲದಕ್ಕೂ ಅವನೇ ಮುಂದು. ಅದೊಂದು ಬಾಗಿಲಾದ್ರೂ ನನ್ನದೇ ಇರ್ಲಿ ಅಂತ ಕರಿ ಹಾಕಿದೆ. ಎಣಿಸಿ ಮುದ್ರೆ ಒತ್ತಿದವನೂ ನಾನೇ. ನಾಲ್ಕು ಕರಿ ಬಿತ್ತು, ನಾನು ಬಿಳಿ ಹಾಕಿದ್ದೆ ಅಂತ ಅವನಿಗೆ ಹೇಳ್ದೆ. ನಲವತ್ತೊಂಬತ್ತು ವರ್ಷ ಆಯ್ತು. ಶುಕ್ರವಾರ ಪೆಟ್ಟಿಗೆ ತೆರೆಯೋಕೆ ಅವನನ್ನೇ ಕರ್ದಿದ್ದಾರೆ.”

5.30ಕ್ಕೆ ಬಂಧನ ದಾಖಲಾಯಿತು. ಆರು ಗಂಟೆಗೆ ಚಿಕ್ಕಜ್ಜ ಏದುಸಿರು ಬಿಡುತ್ತ ಠಾಣೆಗೆ ಬಂದರು.

“ಏನೇ ಪುಟ್ಟಿ, ಅಜ್ಜನ್ನೇ ಒಳಗೆ ಹಾಕ್ಸಿದ್ಯಾ? ನಂಗೆ ನಾಲ್ಕು ಕರಿ ಬಿದ್ದಾಗ ನನ್ನ ಪರ ನಿಂತಿದ್ದ ಮನುಷ್ಯ ಕಣೇ ಅವನು!”

ಬೆಂಚಿನ ಮೇಲಿದ್ದ ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದರು. ಇನ್ಸ್‌ಪೆಕ್ಟರ್ ತಲೆ ಎತ್ತಿದರು.

ಅವಳು ಪೆನ್ನು ಕೆಳಗಿಟ್ಟಳು.

“ನಾಲ್ಕಲ್ಲ, ಚಿಕ್ಕಜ್ಜ. ಒಂದೇ.”