ಏಳನೇ ತಿರುವಿನ ಬಿಳಿ ಬಾವುಟ

ಅವತ್ತು ಮಧ್ಯಾಹ್ನದೊಳಗೆ ಎರಡು ಸಲ ಮಳೆ ಬಂತು, ಎರಡು ಸಲ ಬಿಸಿಲು ಬಂತು. ನಿರಂಜನನ ಬಾಯಿಗೆ ಮಾತ್ರ ಬರಬೇಕಾದ ಮಾತು ಬರಲಿಲ್ಲ.

ಅದೇನು ಮಹಾಭಾರತವಲ್ಲ. "ಸುಪ್ರಿಯಾ, ನಿನ್ನ ಹತ್ರ ಮಾತು ಬಿಟ್ಟು ವರ್ಷ ಆಯ್ತು, ನಂಗೆ ಸಾಕಾಗೈತೆ" ಅಂದಿದ್ದರೆ ಮುಗಿಯುತ್ತಿತ್ತು. ಚಿತ್ರದುರ್ಗದಿಂದ ಹೊಳಲ್ಕೆರೆವರೆಗೆ ಸ್ಟಿಯರಿಂಗ್ ಹಿಡಿದುಕೊಂಡು ಅದನ್ನೇ ಬಾಯಿಪಾಠ ಮಾಡಿದ್ದ. ಹೊಸದುರ್ಗದ ರಸ್ತೆಗೆ ತಿರುಗಿ, ದೊಡ್ಡತಿಮ್ಮಪ್ಪನವರ ಹೊಲದ ಅಂಚಿನಲ್ಲಿ ಅವಳ ಬಿಳಿ ಕಾರು ಕಂಡದ್ದೇ ತಡ, ಬಾಯಿಪಾಠವೆಲ್ಲ ಮರೆತುಹೋಯಿತು.

ಶೇಂಗಾ ಕಿತ್ತು ಖಾಲಿ ಬಿಟ್ಟಿದ್ದ ಆ ಕೆಂಪು ಹೊಲದಲ್ಲಿ ದುರ್ಗದ ಹವ್ಯಾಸಿ ಕಾರ್ ಕ್ಲಬ್ಬಿನ ವರ್ಷದ ರೇಸು. ಹನ್ನೊಂದು ಕಾರುಗಳು. ಓಡಿಸುವವರು ಮೇಷ್ಟ್ರುಗಳು, ಅಂಗಡಿಯವರು, ಇಂಜಿನಿಯರುಗಳು. ಪ್ಲಾಸ್ಟಿಕ್ ಕೋನುಗಳನ್ನು ಇಟ್ಟು ಮಾಡಿದ ದಾರಿಯಲ್ಲಿ ಕಾರುಗಳು ಒಂದೊಂದಾಗಿ ಓಡುತ್ತವೆ. ಒಬ್ಬೊಬ್ಬರಿಗೆ ಮೂರು ಓಟ, ಅದರಲ್ಲಿ ಒಳ್ಳೆಯ ಟೈಮು ಯಾವುದೋ ಅದೇ ಲೆಕ್ಕ. ಒಂದು ಕೋನು ಬಿದ್ದರೆ ಐದು ಸೆಕೆಂಡು ದಂಡ. ಮೊದಲ ಇಬ್ಬರು ಹುಬ್ಬಳ್ಳಿಯ ಎರಡು ದಿನದ ರ‍್ಯಾಲಿಗೆ ಹೋಗುತ್ತಾರೆ.

ತಪ್ಪು ನೋಡುವುದಕ್ಕೆ ಬೇರೆ ಜನ ಇಟ್ಟುಕೊಳ್ಳುವಷ್ಟು ದೊಡ್ಡ ಕ್ಲಬ್ಬಲ್ಲ ಅದು. ಒಬ್ಬರು ಓಡಿಸುವಾಗ ಉಳಿದವರೇ ತಿರುವುಗಳಲ್ಲಿ ನಿಲ್ಲಬೇಕು. ಕೋನು ಬಿದ್ದರೆ ಕೆಂಪು ಬಾವುಟ, ಬೀಳದಿದ್ದರೆ ಬಿಳಿ. ಎದುರಾಳಿಯ ತಪ್ಪನ್ನು ಎದುರಾಳಿಯೇ ಹೇಳುವುದು, ಎಲ್ಲರೂ ನಂಬುವುದು. ಹೋದ ವರ್ಷ ಸುಪ್ರಿಯಾಳ ಕೊನೆಯ ಓಟದಲ್ಲಿ, ಏಳನೇ ತಿರುವಿನಲ್ಲಿ ಕೆಂಪು ಬಾವುಟ ಎತ್ತಿದವನು ನಿರಂಜನ. ಎರಡನೆಯವಳಾಗಬೇಕಿದ್ದ ಅವಳು ಮೂರನೆಯವಳಾದಳು.

ಅದಕ್ಕೂ ಮುಂಚೆ ಅವನ ತಟ್ಟೆಯ ಮೆಣಸಿನಕಾಯಿ ಬಜ್ಜಿಯನ್ನು ಕೇಳದೆ ಎತ್ತಿಕೊಂಡು ತಿನ್ನುತ್ತಿದ್ದ ಹುಡುಗಿ ಅವಳು. ಆಮೇಲೆ 'ನೀವು', 'ಏನ್ರಿ' ಶುರುವಾಯಿತು. ಇವನು ಎಷ್ಟೋ ಸಲ ಮೆಸೇಜು ಟೈಪ್ ಮಾಡಿದ, ಅಳಿಸಿದ. ತಪ್ಪು ಮಾಡಿರಲಿಲ್ಲ, ಆದರೂ ಕಳ್ಳನ ಹಾಗೆ ತಿರುಗಿದ. ಈ ವರ್ಷ ಚೀಟಿ ಎತ್ತಿದಾಗ ಏಳನೇ ತಿರುವು ಮತ್ತೆ ಅವನ ಪಾಲಿಗೇ ಬಂತು. ಹಣೆಬರಹಕ್ಕೆ ಹೊಣೆ ಯಾರು!

ಬೆಳಿಗ್ಗೆ ಅವಳು ಮಂಡಿಯೂರಿ ಟೈರು ನೋಡುತ್ತಿದ್ದಳು. ಹೊಳಲ್ಕೆರೆಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ಮೇಡಂ, ಕುರ್ತಾದ ತೋಳು ಮಡಚಿ, ಕೆನ್ನೆಗೆ ಗ್ರೀಸು ಬಳಿದುಕೊಂಡು ಕೂತಿದ್ದಳು. ನಿರಂಜನ ಧೈರ್ಯ ಮಾಡಿ ಹತ್ತಿರ ಹೋದ.

"ಗಾಳಿ ಜಾಸ್ತಿ ಆಯ್ತೇನೋ."

"ಯಾವ್ ಗಾಳಿ? ಟೈರಿಂದಾ, ನಿಮ್ ಫ್ಯಾನಿಂದಾ?" ಅವಳು ತಲೆ ಎತ್ತಲಿಲ್ಲ. ಇವನಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ಅದಕ್ಕೇ ಕ್ಲಬ್ಬಿನಲ್ಲಿ ಎಲ್ಲರೂ ಅವನ ಹತ್ತಿರವೇ ಹವಾಮಾನ ಕೇಳುತ್ತಿದ್ದರು.

"ಟೈರಿಂದು."

"ಮಳೆ ಬರ್ತೈತಾ ಹೇಳ್ರಿ. ಬಂದ್ರೆ ಕಮ್ಮಿ ಮಾಡ್ತೀನಿ."

"ಬರಲ್ಲ. ಗಾಳಿ ಜೋರೈತೆ, ಮೋಡ ನಿಲ್ಲಲ್ಲ."

ಆಗ ತಲೆ ಎತ್ತಿ ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ ನೇರವಾಗಿ, ಅವನ ಕಣ್ಣಿನಲ್ಲೇ ಕಣ್ಣಿಟ್ಟು. ಇವನು ಉಸಿರೆಳೆದುಕೊಂಡು "ಸುಪ್ರಿಯಾ..." ಅನ್ನುವಷ್ಟರಲ್ಲಿ ಮೂಗಿನ ಮೇಲೆ ದಪ್ಪ ಹನಿಯೊಂದು ಬಿತ್ತು.

"ನಿಲ್ಲಲ್ವಂತೆ!" ಅಂದವಳೇ ದುಪಟ್ಟಾ ತಲೆಗೆಳೆದುಕೊಂಡು ಪಂಪ್‌ಸೆಟ್ಟಿನ ತಗಡು ಶೆಡ್ಡಿಗೆ ಓಡಿದಳು.

ಎರಡನೇ ಸಲದ ಕಥೆ ಇನ್ನೂ ಅನ್ಯಾಯ. ಬಿಸಿಲು ಬಿದ್ದಿತ್ತು. ದೊಡ್ಡತಿಮ್ಮಪ್ಪನವರ ಹೆಂಡತಿ ನಿಂಗಕ್ಕ ಮಂಡಕ್ಕಿ ಕಲೆಸುತ್ತಿದ್ದರು. ನಿರಂಜನ ಎರಡು ತಟ್ಟೆ ಹಿಡಿದು ಅವಳ ಕಡೆ ಹತ್ತು ಹೆಜ್ಜೆ ಇಟ್ಟಿರಬಹುದು, ಶೆಡ್ಡಿನಿಂದ ಕ್ಲಬ್ಬಿನ ಕಾರ್ಯದರ್ಶಿ ಪ್ರಭುಲಿಂಗಣ್ಣನ ಮೈಕು ಕೂಗಿತು.

"ನಾಕನೇ ನಂಬರ್ ನಿರಂಜನ್! ಎಲ್ ಹೋದ್ಯಪ್ಪ? ನೆಲ ಒಣಗೈತೆ, ಜಲ್ದಿ ಕಾರ್ ತಗಂಬಾ!"

ತಟ್ಟೆಗಳನ್ನು ಪಕ್ಕದಲ್ಲಿದ್ದ ಯಾರದೋ ಕಾರಿನ ಬಾನೆಟ್ಟಿನ ಮೇಲೆ ಕುಕ್ಕಿ ಎರಡನೇ ಓಟಕ್ಕೆ ಹೋದ. ಸಿಟ್ಟಿನಲ್ಲಿ ಆಕ್ಸಿಲರೇಟರ್ ತುಳಿದ. ಒಂದು ನಿಮಿಷ ಮೂವತ್ತೆಂಟು ಸೆಕೆಂಡು! ಅವನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಓಡಿಸಿರಲಿಲ್ಲ. ಮೊದಲ ಸ್ಥಾನದಲ್ಲಿದ್ದ ಕಿರಣ್‌ಕುಮಾರನ ಒಂದು ಮೂವತ್ತಾರು ಬಿಟ್ಟರೆ ಅವನದೇ ಒಳ್ಳೆಯ ಟೈಮು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನಿಗೆ ಬೇಕಾದವಳು ಮಾತ್ರ ಅಷ್ಟರಲ್ಲಿ ತನ್ನ ಸರದಿಗೆ ಹೋಗಿ ನಿಂತಿದ್ದಳು. ಅವಳ ಕಾರು ಹೊರಡುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಕೆಸರಿನಲ್ಲಿ ಜಾರಿ ಜಾರಿ ಒಂದು ನಿಮಿಷ ಐವತ್ತಕ್ಕೆ ಮುಗಿಸಿ, ಇಳಿದು ಬಾನೆಟ್ಟಿಗೆ ಮುಷ್ಟಿಯಿಂದ ಗುದ್ದಿದಳು. ಒಣ ನೆಲದಲ್ಲಿ ಓಡಿಸಿ ಬಂದವನು ಯಾವ ಮುಖ ಇಟ್ಟುಕೊಂಡು ಸಮಾಧಾನ ಹೇಳುವುದು? ಮಂಡಕ್ಕಿಯೂ ನೆನೆದು ಮುದ್ದೆಯಾಗಿತ್ತು.

ಮೂರನೇ ಓಟಕ್ಕೆ ಮತ್ತೆ ಬಿಸಿಲು ಬಂತು. ಉಳಿದವರ ಟೈಮೆಲ್ಲ ಒಂದು ನಿಮಿಷ ನಲವತ್ತನಾಲ್ಕರ ಆಚೆಗೇ ಇತ್ತು. ಕೊನೆಯ ಸರದಿ ಸುಪ್ರಿಯಾಳದು. ನಿರಂಜನ ಏಳನೇ ತಿರುವಿನಲ್ಲಿ, ಹುಣಸೆಮರದ ಪಕ್ಕ ಎರಡೂ ಬಾವುಟ ಹಿಡಿದು ನಿಂತಿದ್ದ. ಗುಡ್ಡದ ಕಡೆ ಮೋಡ ಮತ್ತೆ ಕಪ್ಪಾಗುತ್ತಿತ್ತು.

ಎಷ್ಟು ಚಂದ ಓಡಿಸಿದಳು ಅಂತೀರಿ! ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ ಬಂದಳು. ತಿರುವಿನಲ್ಲಿ ಕಾರಿನ ಹಿಂಭಾಗ ಸ್ವಲ್ಪವೇ ಸ್ವಲ್ಪ ಹೊರಗೆ ಸರಿಯಿತು. ಕೋನು ಅಲುಗಾಡಿತು. ನಿಲ್ಲು, ನಿಲ್ಲು ತಾಯಿ ಅಂತ ನಿರಂಜನ ಒಳಗೇ ಬೇಡಿಕೊಂಡ. ಅದು ಮೆಲ್ಲಗೆ ಮಗ್ಗುಲಾಯಿತು.

ಆಚೀಚೆ ನೋಡಿದ. ಮರದ ಮರೆಯಿಂದಾಗಿ ಯಾರಿಗೂ ಕಂಡಿರಲಿಲ್ಲ. ಕಾಲಲ್ಲಿ ಕೋನನ್ನು ಎತ್ತಿ ನಿಲ್ಲಿಸಿ, ಬಿಳಿ ಬಾವುಟ ಎತ್ತಿದ.

"ಒಂದ್ ನಿಮ್ಷ ಮೂವತ್ತೇಳು! ಸುಪ್ರಿಯಾ ಮೇಡಂ ಸೆಕೆಂಡ್!" ಎಂದು ಮೈಕು ಕೂಗಿತು. ನಿರಂಜನನ ಎದೆಯ ಭಾರ ಇಳಿಯಿತು. ತಾನು ಮೂರನೆಯವನಾದೆ ಅನ್ನುವುದು ಅವನ ತಲೆಗೇ ಬರಲಿಲ್ಲ. ಹೋದ ವರ್ಷದ ಋಣ ತೀರಿತು, ಇನ್ನು ಮಾತಾಡುತ್ತಾಳೆ ಅಂದುಕೊಂಡ ಪುಣ್ಯಾತ್ಮ.

ಮಾತಾಡುವುದಕ್ಕೆ ಅವಳೇ ಬಂದಳು. ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಹೊಲದ ನಡುವೆ ದಾಪುಗಾಲು ಹಾಕಿಕೊಂಡು.

"ಕೋನ್ ಬಿತ್ತಾ?"

"ಇಲ್ಲ."

"ಮುಖ ನೋಡಿ ಹೇಳು."

ನೋಡಿದ. ಆ ಕಣ್ಣಿನ ಮುಂದೆ ಸುಳ್ಳು ನಿಲ್ಲಲಿಲ್ಲ. "ಬಿತ್ತು."

"ನಂಗೊತ್ತು. ಬಂಪರ್ ತಾಗಿದ್ದು ಬೆನ್ನಿಗೇ ಗೊತ್ತಾಯ್ತು. ಐದು ಸೆಕೆಂಡ್ ಸೇರಿಸ್ಕಳ್ರಿ ಅಂತ ಪ್ರಭಣ್ಣಂಗೆ ಹೇಳೇ ಬಂದೆ. ನಿಂಗೆ ಕಂಡಿಲ್ಲೇನೋ ಅಂತ ಅವ್ರು ಅನ್ಕಂಡವ್ರೆ. ಯಾಕಿಂಗ್ ಮಾಡ್ದೆ?"

"ಹೋದ್ ವರ್ಷ ಕೆಂಪು ಎತ್ತಿದ್ದಕ್ಕೆ ನೀನು ಮಾತು ಬಿಟ್ಟೆ. ಈ ಸಲನೂ ಎತ್ತಿದ್ರೆ..."

"ಕೆಂಪು ಬಾವುಟಕ್ಕಾ?" ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ಲೇ ಪೆದ್ದ! ಅವತ್ತು ಕೋನ್ ಬಿದ್ದಿತ್ತು, ನೀನು ಎತ್ತಿದೆ. ನನ್ ಮೇಲೆ ಇಷ್ಟು ಆಸೆ ಇಟ್ಕಂಡೋನು, ಆದ್ರೂ ಸುಳ್ಳು ಹೇಳ್ಲಿಲ್ಲ, ಇಂಥೋನ್ ಜೊತೆ ಬಾಳ್ಬೋದು ಅಂತ ಅನ್ಸಿತ್ತು ನಂಗೆ. ಅದನ್ನ ಹೇಳಾಣ ಅಂತ ನಿಂಗಕ್ಕನ ಹತ್ರ ಒಂದು ಗಂಟೆ ಕಾದೆ. ನೀನು ಹೇಳ್ದೆ ಕೇಳ್ದೆ ದುರ್ಗಕ್ಕೆ ಓಡಿದ್ದೆ. ಆಮೇಲೆ ಒಂದ್ ಫೋನಾದ್ರೂ?"

"ಮುಖ ತೋರ್ಸಕ್ಕೆ..."

"ಆ ಒಂದು ಒಳ್ಳೇದಿತ್ತು ನಿನ್ನಲ್ಲಿ. ಇವತ್ತು ಅದನ್ನೂ ಕಳ್ಕಂಡೆ ಹೋಗು."

ಅವಳು ತಿರುಗಿ ನಡೆದಳು. ಮಳೆ ಶುರುವಾಯಿತು. ನಿರಂಜನನಿಗೆ ತನ್ನ ಮೇಲೆ, ಕೋನಿನ ಮೇಲೆ, ಮೋಡದ ಮೇಲೆ ಒಟ್ಟಿಗೇ ಸಿಟ್ಟು ಬಂತು. ಒಂದು ವರ್ಷ ಅವಳಿಗೂ ತನ್ನ ಹಾಗೇ ನೋವಾಗಿತ್ತು ಅನ್ನುವುದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬಾವುಟ ಬಿಸಾಕಿ ಓಡಿದ. ಅವಳನ್ನು ದಾಟಿಕೊಂಡು ಓಡಿ, ಎಲ್ಲರೂ ನೆನೆದು ಗುಂಪಾಗಿ ನಿಂತಿದ್ದ ಶೆಡ್ಡಿಗೆ ನುಗ್ಗಿದ.

"ಪ್ರಭಣ್ಣ, ಏಳನೇ ತಿರುವಲ್ಲಿ ಕೋನ್ ಬಿದ್ದಿದ್ದು ನಾನು ನೋಡ್ದೆ. ನೋಡೇ ಬಿಳಿ ಎತ್ತಿದೆ. ಬೇಕಂತ."

ಪ್ರಭುಲಿಂಗಣ್ಣ ಕನ್ನಡಕ ತೆಗೆದ. "ಯಾಕಪ್ಪ ಹಂಗ್ ಮಾಡ್ದೆ?"

"ಅವಳಂದ್ರೆ ನಂಗೆ ಪ್ರಾಣ. ಅದಕ್ಕೆ."

ಮೈಕು ಆನ್ ಇತ್ತು. ಹೊಲದ ಆಚೆ ತುದಿಯ ಸ್ಪೀಕರಿನಿಂದ 'ಅದಕ್ಕೆ' ಅನ್ನುವುದು ಕೇಳಿದಾಗಲೇ ಅವನಿಗೆ ಗೊತ್ತಾದದ್ದು. ನಿಂಗಕ್ಕ "ಅಯ್ಯ ಶಿವನೇ" ಅಂದು ಬಾಯಿಗೆ ಸೆರಗು ಹಿಡಿದುಕೊಂಡರು. ಸುಪ್ರಿಯಾ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು.

"ರೂಲ್ ಬರ್ದೋನು ನೀನೇ, ಮರ್ತ್ಯೇನೋ? ಸುಳ್ಳು ಬಾವುಟ ಎತ್ತಿದೋನ ಓಟ ಎಲ್ಲಾ ರದ್ದು," ಅಂದ ಪ್ರಭುಲಿಂಗಣ್ಣ.

"ಮಾಡ್ರಿ."

ಪ್ರಭುಲಿಂಗಣ್ಣ ನಿರಂಜನನ ಹೆಸರಿಗೆ ಗೆರೆ ಎಳೆದ. ಹಾಳೆಯನ್ನೇ ಬಹಳ ಹೊತ್ತು ನೋಡಿದ. "ನಿಂದು ಹೋಯ್ತಲ್ಲ, ಈಗ ಎರಡನೇದು... ದಂಡ ಸೇರಿ ಒಂದು ನಲವತ್ತೆರಡು. ಸುಪ್ರಿಯಾದೇ."

ಸುಪ್ರಿಯಾ ಹಣೆ ಚಚ್ಚಿಕೊಂಡಳು. "ಮತ್ತೆ ನೀನೇ ಗೆಲ್ಲಿಸ್ದೆ! ಲೆಕ್ಕ ಹಾಕ್ಕಂಡೇ ಬಂದೆ ತಾನೇ?"

"ಅಷ್ಟು ಲೆಕ್ಕ ಬರಂಗಿದ್ರೆ ಒಂದು ವರ್ಷ ಸುಮ್ನೆ ಕೂರ್ತಿದ್ನಾ?"

ಅವಳು ಸಿಟ್ಟು ಹಿಡಿದಿಟ್ಟುಕೊಳ್ಳಲು ತುಂಬಾ ಪ್ರಯತ್ನಪಟ್ಟಳು. ತುಟಿ ಬಿಗಿದಳು, ಹುಬ್ಬು ಗಂಟಿಕ್ಕಿದಳು, ಕಡೆಗೆ ಮುಖ ಪಕ್ಕಕ್ಕೆ ತಿರುಗಿಸಿದಳು. ಆದರೂ ನಕ್ಕದ್ದು ಕಾಣಿಸಿತು.

"ಹುಬ್ಬಳ್ಳಿಗೆ ಪಕ್ಕದ ಸೀಟಲ್ ಕುಂತು ದಾರಿ ಹೇಳೋರು ಒಬ್ರು ಬೇಕಮ್ಮ," ಪ್ರಭುಲಿಂಗಣ್ಣ ಪೆನ್ನು ಹಿಡಿದು ಕೇಳಿದ. "ಯಾರ್ ಹೆಸ್ರು ಬರ್ಕಳ್ಳಿ?"

"ಇವಂದೇ ಬರ್ಕಳ್ರಿ. ಎರಡು ದಿನ ಬೆಲ್ಟ್ ಕಟ್ಟಿ ಕೂರಿಸ್ತೀನಿ. ಹೆಂಗ್ ಓಡೋಗ್ತಾನೋ ನೋಡಾಣ."

ಎಲ್ಲರೂ ಗೊಳ್ಳೆಂದು ನಕ್ಕರು. ಆ ಗಲಾಟೆಯಲ್ಲಿ ಅವಳು ಬಂದು ಅವನ ಪಕ್ಕ, ಮೋಟಾರಿನ ಕಟ್ಟೆಯ ಮೇಲೆ ಕೂತಳು. ಇಬ್ಬರ ಮೈಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಮೈಕಲ್ಲಿ ಊರಿಗೆಲ್ಲ ಹೇಳ್ದೆ," ಅವಳು ಸಣ್ಣಗೆ ಅಂದಳು. "ನಂಗಿನ್ನೂ ಹೇಳಿಲ್ಲ."

ಅವನು ಅವಳ ಕಡೆ ತಿರುಗಿ ಹೇಳಿದ. ತಗಡಿನ ಮೇಲೆ ಮಳೆ ಸದ್ದು ಜೋರಿತ್ತು.

"ಕೇಳ್ಸಲಿಲ್ಲ," ಅಂದಳು ಸುಪ್ರಿಯಾ. ಕೇಳಿಸಿತ್ತು ಅನ್ನುವುದು ಅವಳ ಕೆಂಪಾದ ಕಿವಿ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಅವನು ಇನ್ನೊಂದು ಸಲ ಹೇಳಿದ.